ಭಾಯ್‌ಗೆ ವಯಸ್ಸಾದರೆ ಗಲ್ಲಾದಲ್ಲಿ ಯಾರು ಕೂರುತ್ತಾರೆ?

1999ರ ಮಳೆಗಾಲ. ಘಾಟ್ಕೋಪರ್‌ನಲ್ಲಿ ನನ್ನ ಸೋದರಮಾವನ ಹೋಟೆಲು. ನಾನು ಡಿಗ್ರಿ ಮುಗಿಸಿ ಕುಂದಾಪುರದಿಂದ ಬಂದು ಎರಡು ತಿಂಗಳಾಗಿತ್ತು. ಕೆಲಸ ಸಿಗುವವರೆಗೆ ಸುಮ್ನೆ ಯಾಕೆ ಕೂರುತ್ತೀಯ, ಗಲ್ಲಾದಲ್ಲಿ ಕೂರು ಅಂತ ಮಾವ ಕೂರಿಸಿದ್ದರು. ಮಧ್ಯಾಹ್ನ ಮೂರೂವರೆ. ಊಟದವರು ಹೋಗಿ, ಸಂಜೆ ಚಾದವರು ಇನ್ನೂ ಬಂದಿರದ ಹೊತ್ತು. ಫೋನ್ ಬಂತು. ಆ ಕಡೆಯವನು ಕಿರುಚಲಿಲ್ಲ, ಬೈಯಲಿಲ್ಲ. ‘ಸೇಟ್ ಕೋ ದೋ’ ಅಂದ, ಅಷ್ಟೇ. ಮಾವ ರಿಸೀವರ್ ತಗೊಂಡು ಒಂದು ನಿಮಿಷ ‘ಹಾಂ ಜೀ, ಹಾಂ ಜೀ’ ಅಂದರು. ಫೋನ್ ಇಟ್ಟ ಮೇಲೆ ಬಸಿಗೆ ಸುರಿದುಕೊಂಡಿದ್ದ ಚಾ ಕುಡಿಯಲೇ ಇಲ್ಲ. ಅದಕ್ಕೆ ಕೆನೆ ಕಟ್ಟುವವರೆಗೆ ನೋಡುತ್ತಾ ಕೂತಿದ್ದರು.

‘ಎಂತ ಆಯ್ತು ಮಾವ?’

‘ಐದು ಪೇಟಿ ಅಂಬ್ರ್ ಮಾಣಿ.’

ಪೇಟಿ ಅಂದರೆ ಲಕ್ಷ, ಖೋಖಾ ಅಂದರೆ ಕೋಟಿ. ಮುಂಬೈ ನನಗೆ ಕಲಿಸಿದ ಮೊದಲ ಲೆಕ್ಕ ಇದು. ಆಮೇಲೆ ಯಾರೋ ನಡುವೆ ನಿಂತು ಮಾಂಡವಲಿ ಮಾಡಿಸಿದರು, ಅಂದರೆ ರಾಜಿ. ಎಷ್ಟಕ್ಕೆ ಮುಗಿಯಿತು ಅಂತ ಮಾವ ಇವತ್ತಿನವರೆಗೆ ಅತ್ತೆಗೂ ಹೇಳಿಲ್ಲ.

2016ರಲ್ಲಿ ಅದೇ ಹೋಟೆಲಿಗೆ ಮತ್ತೆ ಫೋನ್. ಈ ಸಲ ಮೊಬೈಲಿಗೆ, ಅವತ್ತಿನ ಅದೇ ಭಾಯ್, ಅಂದರೆ ಅದೇ ಡಾನ್ ಹೆಸರಲ್ಲಿ. ನಾನು ಅವತ್ತು ಊಟಕ್ಕೆ ಹೋಗಿದ್ದೆ, ಪಕ್ಕದಲ್ಲೇ ಇದ್ದೆ. ಮಾವ ಪೂರ್ತಿ ಕೇಳಿಸಿಕೊಂಡು, ‘ಭಾಯ್ ತೋ ಅಂದರ್ ಹೈ ನಾ, ತುಮ್ ಕೌನ್?’ ಅಂತ ಕೇಳಿದರು. ಉತ್ತರಕ್ಕೂ ಕಾಯಲಿಲ್ಲ. ಕಟ್ ಮಾಡಿ, ನಂಬರ್ ಬ್ಲಾಕ್ ಮಾಡುವುದು ಹೇಗೆ ಅಂತ ನನ್ನ ಕೈಗೆ ಫೋನ್ ಕೊಟ್ಟು, ಮೂರನೇ ಟೇಬಲ್ಲಿಗೆ ಸಾಂಬಾರ್ ಇನ್ನೂ ಹೋಗಿಲ್ಲ ಅಂತ ಒಳಗೆ ಕೂಗು ಹಾಕಿದರು.

ಹದಿನೇಳು ವರ್ಷದಲ್ಲಿ ಆ ಹೆಸರಿಗೆ ಏನಾಯಿತು? ಪೊಲೀಸರು ಹಿಡಿದು ಹಾಕಿದರು ಅನ್ನುವುದು ಅರ್ಧ ಉತ್ತರ. ಮುಂಚೆಯೂ ಹಿಡಿಯುತ್ತಿದ್ದರು, ಜೈಲಿಂದಲೇ ದಂಧೆ ಆರಾಮಾಗಿ ನಡೆಯುತ್ತಿತ್ತು. ಇನ್ನರ್ಧ ಉತ್ತರ ವಯಸ್ಸಿನದ್ದು. ಡಾನ್ ಒಬ್ಬ ಮುದುಕನಾದಾಗ ಅವನ ಜಾಗ ಯಾರಿಗೆ ಹೋಗುತ್ತದೆ? ಮುಂಬೈಯ ಕಳೆದ ಐವತ್ತು ವರ್ಷ ನೋಡಿದರೆ ಹೆಚ್ಚುಕಮ್ಮಿ ಯಾರಿಗೂ ಹೋಗಿಲ್ಲ. ಕೊಡಲು ಮನಸ್ಸಿದ್ದರೂ ಕೊಡಲು ಆಗದ ಜಾಗ ಅದು. ಯಾಕೆ ಅನ್ನುವುದನ್ನು ಹೋಟೆಲಿನ ಲೆಕ್ಕದಲ್ಲೇ ಹೇಳುತ್ತೇನೆ, ನಮ್ಮವರಿಗೆ ಬೇಗ ಅರ್ಥ ಆಗುತ್ತದೆ.

ಮಾವನಿಗೆ ಕೈಲಾಗದೇ ಹೋದರೆ ಹೋಟೆಲು ಏನಾಗುತ್ತದೆ? ಮಗನ ಹೆಸರಿಗೆ ಬರೆಯಬಹುದು. ಮಗನಿಗೆ ಬೇಡ ಅಂದರೆ ಕಂಡಕ್ಟಿಂಗ್‌ಗೆ ಕೊಡಬಹುದು. ತಿಂಗಳಿಗೆ ಇಷ್ಟು ಅಂತ ತಗೊಂಡು ಬೇರೆಯವರಿಗೆ ನಡೆಸಲು ಬಿಡುವುದು, ಮುಂಬೈಯಲ್ಲಿ ಅರ್ಧ ಉಡುಪಿ ಹೋಟೆಲುಗಳು ಹೀಗೇ ನಡೆಯುತ್ತವೆ. ಗುಮಾಸ್ತಾ ಲೈಸೆನ್ಸ್, ಅಂದರೆ ಅಂಗಡಿ ನಡೆಸುವ ಪರವಾನಗಿ ಇದೆ, ಜಾಗದ ಕಾಗದ ಇದೆ, ಬ್ಯಾಂಕ್ ಖಾತೆ ಇದೆ. ನಡೆಸುವವನು ಮೋಸ ಮಾಡಿದರೆ ಕೋರ್ಟಿಗೆ ಹೋಗಬಹುದು. ಹತ್ತು ವರ್ಷ ತಾರೀಖು ಬಿದ್ದರೂ ಕೊನೆಗೆ ಕಾಗದ ಯಾರ ಹೆಸರಲ್ಲಿದೆಯೋ ಅವನದ್ದೇ ಹೋಟೆಲು, ಅಲ್ವಾ?

ಈಗ ಡಾನ್‌ನ ಹತ್ತಿರ ಏನಿದೆ ನೋಡಿ. ಅವನ ಹೆಸರಲ್ಲಿ ಏನೂ ಇಲ್ಲ. ಇರಲೂ ಬಾರದು. ಬಿಲ್ಡಿಂಗ್ ಅಕ್ಕನ ಹೆಸರಲ್ಲಿ, ಗೆಸ್ಟ್ ಹೌಸ್ ಯಾರೋ ದೂರದ ಸಂಬಂಧಿಯ ಹೆಸರಲ್ಲಿ, ಬಿಲ್ಡರ್ ಹತ್ತಿರ ಹಾಕಿದ ದುಡ್ಡಿಗೆ ಚೀಟಿಯೂ ಇಲ್ಲ. ಅವನು ಕೇಳಿದ ದಿನ ಕೊಡಬೇಕು ಅನ್ನುವುದು ಕಾನೂನಿನ ಮಾತಲ್ಲ, ಭಯದ ಮಾತು. ಭಯ ಇರುವವರೆಗೆ ಅದೆಲ್ಲ ಅವನದ್ದೇ. ಅವನು ಆಸ್ಪತ್ರೆ ಸೇರಿದ ದಿನ, ಆ ಹೆಸರುಗಳ ಹಿಂದಿರುವ ಜನ ಒಬ್ಬೊಬ್ಬರಾಗಿ ಯೋಚನೆ ಮಾಡಲು ಶುರು ಮಾಡುತ್ತಾರೆ: ಕಾಗದ ನನ್ನ ಹೆಸರಲ್ಲಿದೆ, ಇವನು ಹೋದ ಮೇಲೆ ನಾನು ಯಾರಿಗೆ ಕೊಡಬೇಕು? ಮಗ ಬಂದು ಕೇಳಿದರೆ ಯಾಕೆ ಕೊಡಬೇಕು? ಮಗ ಕೋರ್ಟಿಗೆ ಹೋಗುತ್ತಾನಾ?

ಅಂದರೆ ಡಾನ್‌ನ ಆಸ್ತಿ ಅಂದರೆ ಅವನ ಹೆಸರು. ಆ ಹೆಸರು ಹೇಳಿದರೆ ಘಾಟ್ಕೋಪರ್‌ನಲ್ಲಿ ಒಬ್ಬ ಹೋಟೆಲಿನವನು ಚಾ ಕುಡಿಯುವುದನ್ನು ಮರೆಯುತ್ತಾನಲ್ಲ, ಅದು.

ಇನ್ನೊಂದು ತೊಡಕಿದೆ, ಇದು ಇನ್ನೂ ಕಷ್ಟದ್ದು. ‘ನನ್ನ ನಂತರ ಇವನು’ ಅಂತ ಡಾನ್ ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಹೇಳಿದ ದಿನವೇ ಹುಡುಗರೆಲ್ಲ ಆ ಹೊಸಬನ ಕಡೆ ನೋಡಲು ಶುರು ಮಾಡುತ್ತಾರೆ. ಉಳಿದ ಬಲಗೈ ಬಂಟರಿಗೆ ಹೊಟ್ಟೆಕಿಚ್ಚು. ಆ ಹೊಸಬನಿಗೂ ಕಾಯುವ ತಾಳ್ಮೆ ಇರುವುದಿಲ್ಲ. ರಾಮನಿಗೆ ಪಟ್ಟ ಅಂತ ದಶರಥ ಹೇಳಿದ ರಾತ್ರಿಯೇ ಮನೆ ಒಡೆಯಿತು, ಅದೂ ಮಕ್ಕಳು ಅಷ್ಟು ಒಳ್ಳೆಯವರಿದ್ದ ಮನೆ. ಹಾಗಾಗಿ ಹೆಚ್ಚಿನ ಡಾನ್‌ಗಳು ಯಯಾತಿಯ ದಾರಿ ಹಿಡಿಯುತ್ತಾರೆ. ಪಟ್ಟ ಕೊಡುವುದಿಲ್ಲ, ಹುಡುಗರ ಹತ್ತಿರ ಯೌವನ ಕೇಳುತ್ತಾರೆ. ನೀನು ಓಡಾಡು, ನೀನು ಗುಂಡು ಹೊಡಿ, ನೀನು ಜೈಲಿಗೆ ಹೋಗು, ಹೆಸರು ಮಾತ್ರ ನನ್ನದು. ಪುರುವಿನಂಥ ಮಗ ಎಷ್ಟು ಜನಕ್ಕೆ ಸಿಗುತ್ತಾನೆ?

ಹಳಬರಿಂದ ಶುರು ಮಾಡೋಣ. ಎಪ್ಪತ್ತರ ದಶಕದ ಬೊಂಬಾಯಿಯಲ್ಲಿ ಮೂರು ಹೆಸರು: ಹಾಜಿ ಮಸ್ತಾನ್, ವರದರಾಜನ್ ಮುದಲಿಯಾರ್, ಕರೀಂ ಲಾಲಾ. ಮೂವರೂ ಹೊರಗಿಂದ ಬಂದವರು. ಮಸ್ತಾನ್ ತಮಿಳುನಾಡಿನವನು, ಮಜಗಾಂವ್ ಡಾಕ್‌ನಲ್ಲಿ ಕೂಲಿ ಮಾಡಿದವನು. ವರದ ಕೂಡ ತಮಿಳುನಾಡಿನವನೇ, ವಿ.ಟಿ. ಸ್ಟೇಷನ್ನಿನಲ್ಲಿ ಹಮಾಲಿ ಮಾಡಿದವನು. ಲಾಲಾ ಅಫ್ಘಾನಿಸ್ತಾನದ ಕಡೆಯ ಪಠಾಣ.

ಮಾಟುಂಗಾದಲ್ಲಿ ಓಡಾಡಿದ ಹಳೆ ಕನ್ನಡಿಗರಿಗೆ ವರದನ ಗಣಪತಿ ನೆನಪಿರುತ್ತದೆ. ಸ್ಟೇಷನ್ ಹೊರಗೆ ಪೆಂಡಾಲ್, ಅದರ ದೀಪಾಲಂಕಾರ ನೋಡಲು ದೂರದಿಂದ ಜನ ಬರುತ್ತಿದ್ದರು. ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ಮುಗಿಸಿ ಬರುವವರು ಅಲ್ಲೊಂದು ಕೈ ಮುಗಿದು ಟ್ರೈನ್ ಹತ್ತುತ್ತಿದ್ದರಂತೆ. ವರದನ ದಂಧೆ ಮುಖ್ಯವಾಗಿ ಕಳ್ಳಭಟ್ಟಿ. ಧಾರಾವಿ, ಸಾಯನ್ ಕೋಳಿವಾಡ, ಮಾಟುಂಗಾ ಅವನ ಜಾಗ. ಎಂಬತ್ತರ ದಶಕದ ಮಧ್ಯದಲ್ಲಿ ವೈ.ಸಿ. ಪವಾರ್ ಅನ್ನುವ ಪೊಲೀಸ್ ಅಧಿಕಾರಿ ಬಂದರು. ಅವರು ವರದನ ಮೇಲೆ ನೇರ ಕೈ ಹಾಕುವುದಕ್ಕಿಂತ ಜಾಸ್ತಿ ಅವನ ಕೆಳಗಿನವರನ್ನು ಹಿಡಿದರು, ಅಡ್ಡೆಗಳನ್ನು ಒಡೆದರು, ಗಣಪತಿ ಪೆಂಡಾಲನ್ನೂ ಚಿಕ್ಕದು ಮಾಡಿಸಿದರು. ಪೆಂಡಾಲ್ ಚಿಕ್ಕದಾಗಿದ್ದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಈ ವರ್ಷ ಭಾಯ್ ಗಣಪತಿ ಸಣ್ಣದು ಅಂತ ಊರಿಗೇ ಗೊತ್ತಾದರೆ ಹೆಸರಿನ ರೇಟು ಅವತ್ತೇ ಇಳಿಯಿತು. ವರದ ಚೆನ್ನೈಗೆ ಹೋದ, 1988ರ ಜನವರಿಯಲ್ಲಿ ಅಲ್ಲೇ ಸತ್ತ. ಹೆಣವನ್ನು ವಿಮಾನದಲ್ಲಿ ಮುಂಬೈಗೆ ತರಿಸಿದ್ದು ಮಸ್ತಾನ್. ಅಂತ್ಯಕ್ರಿಯೆಗೆ ಜನ ಸೇರಿದರು, ಕಣ್ಣೀರು ಹಾಕಿದರು, ಮನೆಗೆ ಹೋದರು. ದಂಧೆ ಹಿಡಿದು ಮುಂದೆ ನಡೆಸಿದ ಇನ್ನೊಬ್ಬ ವರದ ಬರಲಿಲ್ಲ.

ಮಸ್ತಾನ್‌ದು ಬೇರೆ ಥರ. ಅವನ ದುಡ್ಡು ಚಿನ್ನದಿಂದ ಬಂದದ್ದು. 1968ರ ಚಿನ್ನ ನಿಯಂತ್ರಣ ಕಾಯ್ದೆ ಪ್ರಕಾರ ಸಾಮಾನ್ಯ ಜನ ಚಿನ್ನದ ಗಟ್ಟಿ, ಬಿಸ್ಕತ್ ಇಟ್ಟುಕೊಳ್ಳುವ ಹಾಗಿರಲಿಲ್ಲ. ಆದರೆ ನಮ್ಮ ದೇಶದಲ್ಲಿ ಮದುವೆ ನಿಲ್ಲುತ್ತದಾ? ಹಾಗಾಗಿ ದುಬೈಯಿಂದ ದೋಣಿಯಲ್ಲಿ ಬಂತು. ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದ ಮಸ್ತಾನ್, ಹೊರಗೆ ಬಂದ ಮೇಲೆ ಕಳ್ಳಸಾಗಣೆ ಬಿಟ್ಟೆ ಅಂತ ಹೇಳಿ ಎಂಬತ್ತರ ದಶಕದಲ್ಲಿ ರಾಜಕೀಯ ಪಕ್ಷ ಕಟ್ಟಿದ. ಪಕ್ಷ ಏಳಲಿಲ್ಲ. 1990ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೇ ರದ್ದಾಯಿತು. 1992ರಲ್ಲಿ ವಿದೇಶದಲ್ಲಿರುವ ಭಾರತೀಯರು ಸುಂಕ ಕಟ್ಟಿ 5 ಕೆ.ಜಿ.ವರೆಗೆ ಚಿನ್ನ ತರಬಹುದು ಅಂತಾಯಿತು. 1994ರಲ್ಲಿ ಮಸ್ತಾನ್ ಸತ್ತಾಗ, ವಾರಸುದಾರ ಯಾರು ಅನ್ನುವ ಪ್ರಶ್ನೆಗೆ ಅರ್ಥವೇ ಉಳಿದಿರಲಿಲ್ಲ. ಅಂಗಡಿಯೇ ಇಲ್ಲದ ಮೇಲೆ ಗಲ್ಲಾಕ್ಕೆ ಯಾರು ಜಗಳ ಮಾಡುತ್ತಾರೆ?

ಮೂವರಲ್ಲಿ ವಾರಸುದಾರ ಅಂತ ಕಣ್ಣಿಗೆ ಕಾಣುವಂತೆ ಒಬ್ಬ ಇದ್ದದ್ದು ಲಾಲಾನಿಗೆ, ಸಹೋದರನ ಮಗ ಸಮದ್ ಖಾನ್. ಬಿಸಿ ರಕ್ತ, ಕೈ ಜೋರು. ದಾವೂದ್ ಇಬ್ರಾಹಿಂನ ಅಣ್ಣ ಸಾಬಿರ್‌ನನ್ನು 1981ರಲ್ಲಿ ಪ್ರಭಾದೇವಿಯ ಪೆಟ್ರೋಲ್ ಪಂಪ್‌ನಲ್ಲಿ ಪಠಾಣರ ಕಡೆಯವರು ಕೊಂದಿದ್ದರು. ಆ ದ್ವೇಷ ತಿರುಗಿ ಬಂದು 1984ರಲ್ಲಿ ಸಮದ್ ಖಾನ್ ಕೊಲೆಯಾದ. ಕರೀಂ ಲಾಲಾ ಅದಾದ ಮೇಲೂ ಬದುಕಿದ್ದ, 2002ರವರೆಗೆ, ತೊಂಬತ್ತರ ಆಸುಪಾಸಿನವರೆಗೆ. ಯುವರಾಜ ಸತ್ತ ಮೇಲೆ ಹದಿನೆಂಟು ವರ್ಷ ಸುಮ್ಮನೆ ಕೂತ ರಾಜ. ಅವನ ಗ್ಯಾಂಗಿಗೆ ಪಟ್ಟ ಕಟ್ಟುವ ಪ್ರಶ್ನೆ ಬರಲೇ ಇಲ್ಲ, ಊರನ್ನು ಬೇರೆಯವನು ತಗೊಂಡಿದ್ದ.

ಆ ಬೇರೆಯವನು ಈ ಮೂವರಲ್ಲಿ ಯಾರ ಮಗನೂ ಅಲ್ಲ, ಅಳಿಯನೂ ಅಲ್ಲ. ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಒಬ್ಬರ ಮಗ. ಮುಂಬೈಯಲ್ಲಿ ಗದ್ದುಗೆ ಮೇಲಿಂದ ಕೆಳಗೆ ಇಳಿದು ಬರುವುದು ಕಡಿಮೆ, ಪಕ್ಕದ ಗಲ್ಲಿಯಿಂದ ಬಂದವನು ಹೊತ್ತುಕೊಂಡು ಹೋಗುವುದೇ ಜಾಸ್ತಿ.

ಒಂದು ಅಪವಾದ ಇದೆ. ಚೆಂಬೂರಿನ ತಿಲಕ್ ನಗರದಲ್ಲಿ ರಾಜನ್ ನಾಯರ್ ಅಂತ ಒಬ್ಬನಿದ್ದ, ಬಡಾ ರಾಜನ್. ಅವನ ಕೈ ಕೆಳಗೆ ಸಹಕಾರ್ ಟಾಕೀಸಿನ ಹೊರಗೆ ಬ್ಲ್ಯಾಕಿನಲ್ಲಿ ಟಿಕೆಟ್ ಮಾರುತ್ತಿದ್ದ ಹುಡುಗ ರಾಜೇಂದ್ರ ನಿಕಾಳ್ಜೆ. 1983ರಲ್ಲಿ ಕೋರ್ಟಿನ ಹತ್ತಿರ ಬಡಾ ರಾಜನ್ ಕೊಲೆಯಾದ. ಗ್ಯಾಂಗಿನ ಜೊತೆ ಹೆಸರೂ ಹುಡುಗನಿಗೆ ಬಂತು: ಛೋಟಾ ರಾಜನ್. ಹುಟ್ಟಿದ ಹೆಸರಲ್ಲಿ ರಾಜನ್ ಅಂತಲೇ ಇರಲಿಲ್ಲ ನೋಡಿ. ಆದರೆ ಇಲ್ಲೂ ಒಂದು ವಿಷಯ ಗಮನಿಸಬೇಕು. ಬಡಾ ರಾಜನ್ ಮುದುಕನಾಗಿ ಸತ್ತವನಲ್ಲ. ಹೆಸರು ಬಿಸಿಯಾಗಿರುವಾಗಲೇ, ಸೇಡು ಬಾಕಿ ಇರುವಾಗಲೇ ಕೈ ಬದಲಾಯಿತು. ಸೇಡು ತೀರಿಸಿದವನಿಗೆ ಪಟ್ಟ. ಆರಿದ ಮೇಲೆ ಅದೇ ಹೆಸರನ್ನು ಯಾರೂ ಬಿಟ್ಟಿ ಕೊಟ್ಟರೂ ತಗೊಳ್ಳುವುದಿಲ್ಲ.

ಇದಕ್ಕೆ ಸಾಕ್ಷಿ ಅದೇ ಛೋಟಾ ರಾಜನ್. ದುಬೈಯಲ್ಲಿ ದಾವೂದ್‌ನ ಬಲಗೈ ಆಗಿದ್ದವನು 1993ರ ಬಾಂಬ್ ಸ್ಫೋಟದ ನಂತರ ಬೇರೆಯಾದ. 257 ಜನ ಸತ್ತ ಸ್ಫೋಟ ಅದು. ದೇಶಭಕ್ತ ಡಾನ್ ಅಂತ ಹೇಳಿಕೊಂಡು ಸ್ವಲ್ಪ ದಿನ ಮೆರೆದ. (ಆ ದೇಶಭಕ್ತಿಯ ಹೆಸರಲ್ಲಿ ಫೋನ್ ಬಂದದ್ದು ಹೋಟೆಲಿನವರಿಗೆ, ಬಿಲ್ಡರುಗಳಿಗೆ. ಇದೆಂಥ ದೇಶಭಕ್ತಿಯೋ.) 2000ದ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಅವನ ಮೇಲೆ ದಾಳಿಯಾಯಿತು. ಜೊತೆಗಿದ್ದ ರೋಹಿತ್ ವರ್ಮಾ ಸತ್ತ, ರಾಜನ್ ಗಾಯಗೊಂಡು ಆಸ್ಪತ್ರೆ ಸೇರಿದ, ಅಲ್ಲಿಂದಲೇ ಪರಾರಿಯಾದ. ಬದುಕಿದ, ಸರಿ. ಆದರೆ ಅವನನ್ನೂ ಮುಟ್ಟಬಹುದು ಅಂತ ಎಲ್ಲರಿಗೂ ಗೊತ್ತಾಯಿತು. ಒಳಗಿನವರ ಮೇಲೆ ಅವನಿಗೆ ಅನುಮಾನ, ಅವನ ಮೇಲೆ ಒಳಗಿನವರಿಗೆ ಅನುಮಾನ.

ವಿದೇಶದಲ್ಲಿ ಕೂತ ಡಾನ್‌ನ ಕಷ್ಟ ಏನು ಅಂದರೆ, ಅವನಿಗೆ ಊರು ಅಂದರೆ ಫೋನ್ ಅಷ್ಟೇ. ಮುಂಬೈಯಲ್ಲಿ ವಸೂಲಿ ಮಾಡುವವನಿಗೆ ಎಷ್ಟು ಬಂತು ಅಂತ ಗೊತ್ತು. ಬಾಸ್‌ಗೆ ಅವನು ಹೇಳಿದಷ್ಟೇ ಗೊತ್ತು. ಊರಿಗೆ ಹೋಗಿ ಕೂತ ಹೋಟೆಲ್ ಮಾಲೀಕನ ಪಾಡೂ ಇದೇ. ತಿಂಗಳಿಗೊಮ್ಮೆ ಬಂದು ಗಲ್ಲಾ ಎಣಿಸದಿದ್ದರೆ ಮ್ಯಾನೇಜರ್ ಎರಡು ವರ್ಷದಲ್ಲಿ ಎದುರುಗಡೆ ಸ್ವಂತ ಹೋಟೆಲು ಹಾಕುತ್ತಾನೆ. ನಾನೇ ಮೂರು ಕಡೆ ನೋಡಿದ್ದೇನೆ.

ಇದರ ಮೇಲೆ 1999ರಲ್ಲಿ ಮಹಾರಾಷ್ಟ್ರ ಮೋಕಾ, ಅಂದರೆ ಸಂಘಟಿತ ಅಪರಾಧ ತಡೆಯುವ ಕಾಯ್ದೆ ತಂತು. ಮಾಮೂಲಿ ಕಾನೂನಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಮೋಕಾದಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಹೇಳಿದರೆ ನಿಲ್ಲುತ್ತದೆ. ಅನುಮತಿ ಪಡೆದು ಕದ್ದು ಕೇಳಿದ ಫೋನ್ ಮಾತೂ ಸಾಕ್ಷಿಯಾಗುತ್ತದೆ. ಬೇಲ್ ಸಿಗುವುದು ಬಹಳ ಕಷ್ಟ. ಅಂದರೆ ದೂರದಿಂದ ಊರು ಆಳಲು ಡಾನ್‌ಗೆ ಇದ್ದ ಒಂದೇ ಹಗ್ಗ ಫೋನ್, ಅದೇ ಕುತ್ತಿಗೆಗೆ ಬಿತ್ತು. ಅದೇ ಕಾಲದಲ್ಲಿ ಎನ್‌ಕೌಂಟರ್‌ಗಳು. ಅವುಗಳಲ್ಲಿ ಎಷ್ಟು ನಿಜ, ಎಷ್ಟು ನಕಲಿ ಅನ್ನುವ ಜಗಳ ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆದಿದೆ. ಒಳ್ಳೇದಾಯ್ತು ಅಂತ ಆಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ, ಈಗ ಅಷ್ಟು ಸಲೀಸಾಗಿ ತಟ್ಟಲಾರೆ.

ಜೈಲಿಗೆ ಹೋದ ಹುಡುಗರಿಗೆ ವಕೀಲ ಬೇಕು. ಅವರ ಮನೆಗೆ ತಿಂಗಳ ದುಡ್ಡು ಬೇಕು. ಗ್ಯಾಂಗ್ ಅನ್ನುವುದು ನಿಂತಿರುವುದೇ ಇದರ ಮೇಲೆ. ನೀನು ಒಳಗೆ ಹೋದರೆ ನಿನ್ನ ಅಮ್ಮನಿಗೆ ಭಾಯ್ ದುಡ್ಡು ಕಳಿಸುತ್ತಾನೆ ಅನ್ನುವ ನಂಬಿಕೆ. ಆ ದುಡ್ಡು ಎರಡು ತಿಂಗಳು ನಿಂತರೆ ಹುಡುಗ ಬೇರೆ ಭಾಯ್ ನೋಡುತ್ತಾನೆ, ಇಲ್ಲವೇ ಪೊಲೀಸರಿಗೆ ಬಾಯಿ ಬಿಡುತ್ತಾನೆ. ಯುದ್ಧದಲ್ಲಿ ಸೋತ ಡಾನ್‌ಗಳಿಗಿಂತ ಈ ಮನೀಆರ್ಡರ್ ನಿಂತು ಮುಳುಗಿದ ಡಾನ್‌ಗಳೇ ಜಾಸ್ತಿ ಇರಬೇಕು ಅಂತ ನನ್ನ ಅನುಮಾನ.

ರಾಜನ್ ಗ್ಯಾಂಗ್ ಒಡೆಯಿತು. ಒಡೆದು ಹೊರಗೆ ಬಂದವರ ಹೆಸರು ನೋಡಿದರೆ ನಮ್ಮ ಕರಾವಳಿಯವರಿಗೆ ಮುಜುಗರ. ಪೂಜಾರಿ, ಶೆಟ್ಟಿ, ಮತ್ತೆ ಪೂಜಾರಿ. ಮಲ್ಪೆ ಮೂಲದ ರವಿ ಪೂಜಾರಿ ಅವರಲ್ಲಿ ದೊಡ್ಡ ಹೆಸರು. ಆ ವರ್ಷಗಳಲ್ಲಿ ಮಗಳಿಗೆ ಹುಡುಗ ನೋಡುವಾಗ ಮುಂಬೈಯಲ್ಲಿ ಏನು ಕೆಲಸ ಅಂತ ಎರಡೆರಡು ಸಲ ಕೇಳುತ್ತಿದ್ದರು ಊರಿನವರು. ಫೋನ್ ಮಾಡುವವನೂ ನಮ್ಮ ಕಡೆಯವನು, ಫೋನ್ ಎತ್ತುವವನೂ ನಮ್ಮ ಕಡೆಯವನು, ಎಷ್ಟೋ ಸಲ ಬೆದರಿಕೆ ತುಳುವಿನಲ್ಲೇ ಬರುತ್ತಿತ್ತು ಅಂತ ಹೋಟೆಲಿನವರು ಹೇಳುತ್ತಿದ್ದರು. ನಮ್ಮ ಭಾಷೆ ಕೇಳಿ ಖುಷಿಪಡಬೇಕೋ ಅಳಬೇಕೋ. ಒಬ್ಬನಿಗೆ ಕೊಡುತ್ತಿದ್ದ ಕಡೆ ನಾಲ್ಕು ಜನ ಕೇಳಲು ಶುರು ಮಾಡಿದರು. ನಾಲ್ಕು ಜನ ಕೇಳಿದರೆ ಹೋಟೆಲಿನವನು ಯಾರಿಗೂ ಕೊಡದೆ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತಾನೆ. ಒಬ್ಬನಿಗೆ ಕೊಟ್ಟರೆ ಉಳಿದವರಿಂದ ರಕ್ಷಣೆ ಅನ್ನುವ ಹಳೇ ವ್ಯಾಪಾರ ಅಲ್ಲಿಗೆ ಮುಗಿಯಿತು.

2011ರ ಜೂನ್‌ನಲ್ಲಿ ಪೊವಾಯ್‌ನಲ್ಲಿ ಪತ್ರಕರ್ತ ಜೆ. ಡೇ ಕೊಲೆಯಾಯಿತು. ಡೇ ತನ್ನ ಬಗ್ಗೆ ಬರೆಯುತ್ತಿದ್ದ ವರದಿಗಳಿಂದ ರಾಜನ್ ಸಿಟ್ಟಾಗಿದ್ದ ಅನ್ನುವುದು ಪ್ರಾಸಿಕ್ಯೂಷನ್ ವಾದ. 2018ರಲ್ಲಿ ರಾಜನ್‌ಗೆ ಜೀವಾವಧಿ ಶಿಕ್ಷೆಯಾಯಿತು. ನನಗೆ ಈ ಕೇಸು ಬೇರೆ ಎಲ್ಲಕ್ಕಿಂತ ಜಾಸ್ತಿ ಹೇಳುತ್ತದೆ. ಗಟ್ಟಿಯಾಗಿರುವ ಡಾನ್‌ಗೆ ಪೇಪರಿನಲ್ಲಿ ಏನು ಬಂದರೂ ಜಾಹೀರಾತೇ. ಪೇಪರ್ ಓದಿ ತಲೆ ಕೆಡಿಸಿಕೊಳ್ಳುವ ಡಾನ್ ಅಂದರೆ, ಹೆಸರು ಕರಗುತ್ತಿದೆ ಅಂತ ಅವನಿಗೇ ಗೊತ್ತಾಗಿದೆ. 2015ರಲ್ಲಿ ಬಾಲಿಯಲ್ಲಿ ಅವನನ್ನು ಹಿಡಿದು ತಂದರು. ರವಿ ಪೂಜಾರಿ 2019ರಲ್ಲಿ ಸೆನೆಗಲ್‌ನಲ್ಲಿ ಸಿಕ್ಕಿಬಿದ್ದ, 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಕರೆತಂದರು. ಅಲ್ಲಿ ಅವನು ಬೇರೆ ಹೆಸರಿನ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದ. ಹೆಸರನ್ನೇ ಮಾರಿ ಬದುಕಿದವನು ಕೊನೆಗೆ ಆ ಹೆಸರನ್ನೇ ಬಚ್ಚಿಟ್ಟುಕೊಂಡು ಓಡಾಡಬೇಕಾಯಿತು.

ಇನ್ನು ಕಾಯಿಲೆ. ಮುದುಕನಿಗೆ ಬಿ.ಪಿ., ಶುಗರ್, ಕಿಡ್ನಿ ಯಾವುದೂ ಬಿಡುವುದಿಲ್ಲ, ಡಾನ್ ಆದರೇನು. ಡಾಕ್ಟರ್ ಬೇಕು, ರಿಪೋರ್ಟ್ ಬೇಕು, ರಿಪೋರ್ಟಿನ ಮೇಲೆ ಒಂದು ಹೆಸರು ಬೇಕು. ಇಟಲಿಯ ಸಿಸಿಲಿಯಲ್ಲಿ ಮೆಸ್ಸಿನಾ ಡೆನಾರೊ ಅನ್ನುವ ಮಾಫಿಯಾ ಮುಖ್ಯಸ್ಥ ಮೂವತ್ತು ವರ್ಷ ತಲೆ ತಪ್ಪಿಸಿಕೊಂಡಿದ್ದ. 2023ರ ಜನವರಿಯಲ್ಲಿ ಸಿಕ್ಕಿದ್ದು ಎಲ್ಲಿ? ಪಲೆರ್ಮೊದ ಕ್ಲಿನಿಕ್ ಒಂದರಲ್ಲಿ, ಬೇರೆಯವನ ಹೆಸರಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಬಂದಾಗ. ಅದೇ ಸೆಪ್ಟೆಂಬರ್‌ನಲ್ಲಿ ಸತ್ತ. ನಮ್ಮಲ್ಲಿ ಇನ್ನೊಂದು ತಮಾಷೆ ಇದೆ, ಡಾನ್ ಸತ್ತ ಅನ್ನುವ ಸುದ್ದಿ. 2021ರ ಮೇ ತಿಂಗಳಲ್ಲಿ ಛೋಟಾ ರಾಜನ್ ಕೊರೊನಾದಿಂದ ಸತ್ತ ಅಂತ ಚಾನೆಲ್‌ಗಳು ಹೇಳಿದವು, ಇಲ್ಲ ಬದುಕಿದ್ದಾನೆ ಅಂತ ದಿಲ್ಲಿಯ ಏಮ್ಸ್ ಹೇಳಬೇಕಾಯಿತು. ದಾವೂದ್‌ನಂತೂ 2020ರಲ್ಲಿ ಕೊರೊನಾಕ್ಕೆ, 2023ರ ಡಿಸೆಂಬರ್‌ನಲ್ಲಿ ವಿಷಕ್ಕೆ ಸಾಯಿಸಿಬಿಟ್ಟರು ನಮ್ಮ ವಾಟ್ಸಾಪ್‌ನವರು. ಇಂಥ ಸುದ್ದಿ ನಾವು ಸುಮ್ನೆ ಫಾರ್ವರ್ಡ್ ಮಾಡುತ್ತೇವೆ. ಬೇನಾಮಿ ಆಸ್ತಿ ಹಿಡಿದು ಕೂತವನು ಮಾತ್ರ ಅದನ್ನು ಉಸಿರು ಹಿಡಿದು ಓದುತ್ತಾನೆ.

ದಾವೂದ್ 1955ರ ಡಿಸೆಂಬರ್‌ನಲ್ಲಿ ಹುಟ್ಟಿದವನು, ಎಪ್ಪತ್ತರ ಲೆಕ್ಕ. ಅವನ ಮನೆಯಲ್ಲಿ ಯಾರಿದ್ದಾರೆ ನೋಡಿ. ಅಣ್ಣ ಸಾಬಿರ್ 1981ರಲ್ಲೇ ಹೋದ. ಮುಂಬೈಯಲ್ಲೇ ಇದ್ದು, ಪೊಲೀಸರ ಪ್ರಕಾರ ಅಣ್ಣನ ವ್ಯವಹಾರ ನೋಡಿಕೊಳ್ಳುತ್ತಿದ್ದ ತಂಗಿ ಹಸೀನಾ ಪಾರ್ಕರ್ 2014ರಲ್ಲಿ ತೀರಿಕೊಂಡಳು. ತಮ್ಮ ಇಕ್ಬಾಲ್ ಕಾಸ್ಕರ್‌ನನ್ನು 2017ರಲ್ಲಿ ವಸೂಲಿ ಕೇಸಿನಲ್ಲಿ ಥಾಣೆ ಪೊಲೀಸರು ಹಿಡಿದರು. ದಾವೂದ್‌ನ ಒಬ್ಬನೇ ಮಗ ದಂಧೆಯಲ್ಲಿ ಆಸಕ್ತಿ ಇಲ್ಲದೆ ಮೌಲಾನಾ ಆಗಿದ್ದಾನಂತೆ, ಅಪ್ಪನಿಗೆ ಅದೇ ಚಿಂತೆಯಂತೆ ಅಂತ ಆಗ ಥಾಣೆಯ ಪೊಲೀಸ್ ಅಧಿಕಾರಿ ಹೇಳಿದ್ದು ಪೇಪರಿನಲ್ಲಿ ಬಂದಿತ್ತು. ಓದಿ ಮಾವ ಜೋರಾಗಿ ನಕ್ಕಿದ್ದರು. ಅವರ ಮಗ, ಅಂದರೆ ನನ್ನ ಭಾವ, ಪುಣೆಯ ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ, ಹೋಟೆಲ್ ಅಂದರೆ ಮೂಗು ಮುರಿಯುತ್ತಾನೆ. ‘ನೋಡು, ಅವ್ನಿಗೂ ಇದೇ ಗೋಳು’ ಅಂದರು.

2022ರಲ್ಲಿ ಎನ್‌ಐಎ, ಅಂದರೆ ರಾಷ್ಟ್ರೀಯ ತನಿಖಾ ಸಂಸ್ಥೆ, ಬಹುಮಾನ ಘೋಷಿಸಿತು. ದಾವೂದ್ ಬಗ್ಗೆ ಮಾಹಿತಿ ಕೊಟ್ಟರೆ 25 ಲಕ್ಷ, ಅವನ ಬಲಗೈ ಬಂಟ ಛೋಟಾ ಶಕೀಲ್‌ಗೆ 20 ಲಕ್ಷ, ತಮ್ಮ ಅನೀಸ್‌ಗೆ 15 ಲಕ್ಷ. ಪಟ್ಟದ ಸಾಲು ಯಾವುದು ಅಂತ ಸರ್ಕಾರವೇ ರೇಟು ಹಾಕಿ ತೋರಿಸಿದ ಹಾಗಿತ್ತು. ಆದರೆ ಆ ಸಾಲಿನಲ್ಲಿ ನಿಂತವರೂ ಹುಡುಗರಲ್ಲ.

ಆಸ್ತಿಯ ಕಥೆ ಇನ್ನೂ ಮಜವಾಗಿದೆ. ಬೇನಾಮಿ ಆಟ ಸರ್ಕಾರಕ್ಕೆ ಗೊತ್ತಿಲ್ಲದೆ ಇಲ್ಲ. 1976ರಲ್ಲೇ ಸಫೇಮಾ ಅನ್ನುವ ಕಾಯ್ದೆ ಬಂತು. ಕಳ್ಳಸಾಗಣೆದಾರನ ಆಸ್ತಿ ಅವನ ನೆಂಟರ, ಜೊತೆಗಾರರ ಹೆಸರಲ್ಲಿದ್ದರೂ ಜಪ್ತಿ ಮಾಡಬಹುದು, ನ್ಯಾಯವಾಗಿ ಸಂಪಾದಿಸಿದ್ದು ಅಂತ ಅವರೇ ಸಾಬೀತು ಮಾಡಬೇಕು. ಅದರ ಪ್ರಕಾರ ದಾವೂದ್ ಕುಟುಂಬದ ಆಸ್ತಿ ಒಂದೊಂದೇ ಹರಾಜಾಯಿತು. ಮೊದಮೊದಲು ಬಿಡ್ ಮಾಡಲು ಜನ ಹೆದರುತ್ತಿದ್ದರು. 2017ರಲ್ಲಿ ದಕ್ಷಿಣ ಮುಂಬೈಯ ಮೂರು ಆಸ್ತಿ 11.58 ಕೋಟಿಗೆ ಹೋದವು. 2019ರಲ್ಲಿ ಹಸೀನಾಳ ನಾಗಪಾಡದ ಫ್ಲ್ಯಾಟ್ 1.80 ಕೋಟಿಗೆ. 2024ರ ಜನವರಿಯಲ್ಲಿ ರತ್ನಾಗಿರಿ ಜಿಲ್ಲೆಯ ಅವರ ಮೂಲ ಊರು ಮುಂಬಕೆಯಲ್ಲಿ ಒಂದು ಸಣ್ಣ ಜಮೀನು ಹರಾಜಿಗೆ ಬಂತು. ಸರ್ಕಾರ ಇಟ್ಟ ಬೆಲೆ 15,440 ರೂಪಾಯಿ. ದಿಲ್ಲಿಯ ವಕೀಲರೊಬ್ಬರು ಹಿಡಿದದ್ದು 2.01 ಕೋಟಿಗೆ! ಹದಿನೈದು ಸಾವಿರ ಮಣ್ಣಿಗೆ, ಉಳಿದದ್ದು ಹೆಸರಿಗೆ. ಆ ಹೆಸರಿಗೆ ಇನ್ನೂ ಬೆಲೆ ಇದೆ, ಆದರೆ ದುಡ್ಡು ಈಗ ಸರ್ಕಾರದ ಗಲ್ಲಾಕ್ಕೆ ಬೀಳುತ್ತದೆ.

ಊರು ಬಿಡದೆ ಉಳಿದವನು ಅರುಣ್ ಗಾವ್ಳಿ. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಬೀದಿಗೆ ಬಂದರು, ಹೆಚ್ಚಿನವರು ವಾಪಸ್ ಒಳಗೆ ಹೋಗಲೇ ಇಲ್ಲ. ಆ ಮನೆಗಳ ಹುಡುಗರು ಭಾಯಖಳಾದ ದಗಡಿ ಚಾಳ್‌ಗೆ ಬಂದರು. ಗಾವ್ಳಿ ಹೆಸರನ್ನು ಮಗನಿಗೆ ಕೊಡುವ ಬದಲು ಮತಪೆಟ್ಟಿಗೆಗೆ ಹಾಕಿದ. ಪಕ್ಷ ಕಟ್ಟಿ 2004ರಲ್ಲಿ ಚಿಂಚ್‌ಪೋಕ್ಲಿಯಿಂದ ಶಾಸಕನಾದ. ಮಗಳು ಕಾರ್ಪೊರೇಟರ್ ಆದಳು. ನಾನು ನೋಡಿದ ಮಟ್ಟಿಗೆ ಮುಂಬೈ ಡಾನ್ ಒಬ್ಬ ಮನೆಯವರಿಗೆ ಏನನ್ನಾದರೂ ಕಾನೂನುಬದ್ಧವಾಗಿ ದಾಟಿಸಿದ್ದು ಇದೊಂದೇ: ವಾರ್ಡು. ಅಷ್ಟರಲ್ಲಿ ಅವನೇ ಒಳಗೆ ಹೋದ. 2007ರಲ್ಲಿ ನಡೆದ ಶಿವಸೇನೆ ಕಾರ್ಪೊರೇಟರ್ ಒಬ್ಬರ ಕೊಲೆ ಕೇಸಿನಲ್ಲಿ 2012ರಲ್ಲಿ ಜೀವಾವಧಿ ಆಯಿತು.

ಹಾಗಾದರೆ ಆ ಜಾಗ ಖಾಲಿ ಇದೆಯಾ? ಖಂಡಣಿ ಅಂದರೆ ಹಫ್ತಾ, ಅದರ ಬೇರು ಎಲ್ಲಿತ್ತು ಅಂದರೆ ಕೋರ್ಟಿಗೆ ಹೋಗಲಾಗದ ಜಗಳಗಳಲ್ಲಿ. ಬಿಲ್ಡರ್ ಫ್ಲ್ಯಾಟ್ ಕೊಡಲಿಲ್ಲ, ಬಾಡಿಗೆದಾರ ಬಿಡಲಿಲ್ಲ, ಕಪ್ಪು ದುಡ್ಡಿನ ಸಾಲ ವಾಪಸ್ ಬರಲಿಲ್ಲ, ಭಾಯ್ ಹತ್ತಿರ ಹೋದರು. ಈಗ ಬಿಲ್ಡರುಗಳ ಮೇಲೆ ದೂರು ಕೊಡಲು ರೇರಾ ಇದೆ, ದೊಡ್ಡ ವಕೀಲರಿದ್ದಾರೆ, ದೊಡ್ಡ ಬಿಲ್ಡರುಗಳಿಗೆ ನಾಯಕರ ಜೊತೆ ನೇರ ಮಾತಿದೆ. ಜಗಳ ಬಗೆಹರಿಸುವ ದಂಧೆ ಬೇರೆ ಕೈಗೆ ಹೋಗಿದೆ. ಆ ಕೈಗಳು ಇದಕ್ಕಿಂತ ಸ್ವಚ್ಛ ಅಂತ ನಾನು ಹೇಳುತ್ತಿಲ್ಲ. ಮಾವನ ಗಲ್ಲಾದಲ್ಲೂ ಈಗ ಚಿಲ್ಲರೆ, ಒಂದಿಷ್ಟು ನೋಟು. ಉಳಿದದ್ದೆಲ್ಲ ಕ್ಯೂಆರ್ ಕೋಡ್. ಹಫ್ತಾ ಕೇಳುವವನು ಜಿಪೇ ನಂಬರ್ ಕೊಡಬೇಕಾಗುತ್ತದೆ.

ಭಯದ ವ್ಯಾಪಾರ ಪೂರ್ತಿ ಬಾಗಿಲು ಹಾಕಿಲ್ಲ. 2024ರ ಅಕ್ಟೋಬರ್ 12ರಂದು ಬಾಂದ್ರಾದಲ್ಲಿ ಮಾಜಿ ಸಚಿವ ಬಾಬಾ ಸಿದ್ದಿಕಿ ಕೊಲೆಯಾಯಿತು. ಪೊಲೀಸರು ಹೆಸರಿಸಿದ್ದು ಲಾರೆನ್ಸ್ ಬಿಷ್ಣೋಯಿ ಗ್ಯಾಂಗನ್ನು. ಅದರ ಮುಖ್ಯಸ್ಥ ಮೂವತ್ತರ ಆಸುಪಾಸಿನವನು, ಪಂಜಾಬಿನ ಕಡೆಯವನು, ಆಗ ಇದ್ದದ್ದು ಗುಜರಾತಿನ ಸಾಬರಮತಿ ಜೈಲಿನಲ್ಲಿ. ತಿಲಕ್ ನಗರ, ದಗಡಿ ಚಾಳ್, ನಾಗಪಾಡ, ಯಾವುದಕ್ಕೂ ಅವನು ಸೇರಿದವನಲ್ಲ. ಮುಂಬೈಯ ಯಾವ ಮುದುಕನೂ ಅವನಿಗೆ ಪಟ್ಟ ಕಟ್ಟಲಿಲ್ಲ. ಮತ್ತೆ ಪಕ್ಕದ ಗಲ್ಲಿ, ಈ ಸಲ ಗಲ್ಲಿ ಸ್ವಲ್ಪ ದೂರದ್ದು.

ಕಳೆದ ವರ್ಷ, 2025ರ ಸೆಪ್ಟೆಂಬರ್ ಮೊದಲ ವಾರ, ನಾನು ಡೊಂಬಿವಲಿಯಿಂದ ಮಾವನನ್ನು ನೋಡಲು ಹೋಗಿದ್ದೆ. ಹೋಟೆಲನ್ನು ಕಂಡಕ್ಟಿಂಗ್‌ಗೆ ಕೊಟ್ಟಾಗಿದೆ, ಇಪ್ಪತ್ತೆರಡು ವರ್ಷ ಅಲ್ಲೇ ದುಡಿದ ಬೈಂದೂರಿನ ಕ್ಯಾಪ್ಟನ್‌ಗೆ. ಕಾಗದ ಪತ್ರ ಎಲ್ಲ ಸರಿಯಾಗಿ ಮಾಡಿದ್ದಾರೆ. ಆದರೂ ಮಾವ ದಿನಾ ನಾಲ್ಕು ಗಂಟೆಗೆ ಹೋಗಿ ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಟಿವಿಯಲ್ಲಿ ಗಾವ್ಳಿ ನಾಗ್ಪುರ ಜೈಲಿನಿಂದ ಬೇಲ್ ಮೇಲೆ ಹೊರಗೆ ಬಂದದ್ದನ್ನು ತೋರಿಸುತ್ತಿದ್ದರು. ಹದಿನೇಳು ವರ್ಷಕ್ಕಿಂತ ಜಾಸ್ತಿ ಒಳಗಿದ್ದು ಬಂದ ಮುದುಕ.

ಮಾವ ಬಸಿಯಿಂದ ತಲೆ ಎತ್ತಿ, ‘ಡ್ಯಾಡಿ ಬಂದ’ ಅಂದರು. ಹಳೇ ಮುಂಬೈಯಲ್ಲಿ ಅವನನ್ನು ಕರೆಯುತ್ತಿದ್ದದ್ದೇ ಹಾಗೆ.

ಟೇಬಲ್ ಒರೆಸುತ್ತಿದ್ದ ಜಾರ್ಖಂಡದ ಹುಡುಗನಿಗೆ ಕೇಳಿದ್ದು ಆ ಒಂದೇ ಶಬ್ದ. ಬಟ್ಟೆ ಹೆಗಲಿಗೆ ಹಾಕಿಕೊಂಡು ಟಿವಿ ನೋಡಿದ, ಮಾವನನ್ನು ನೋಡಿದ.

‘ಕಿಸ್ ಕಾ ಡ್ಯಾಡಿ, ಸೇಟ್?’